ಎಲೆ ತಪ್ಪಿದ ಚಿತ್ರ

ಅಕ್ಕಾ,

ಸವಣೂರಿನಿಂದ ನಿನ್ನ ತಮ್ಮನ ಸುಸ್ತಾದ ನಮಸ್ಕಾರ. ಮೂರು ದಿನ ಚಿತ್ರಪ್ರದರ್ಶನವೇನೋ ಇತ್ತು, ಜನದರ್ಶನವಿರಲಿಲ್ಲ. ಕುಂಚ ಬಿಟ್ಟು, ಭಾವ ನನಗೆ ಹುಡುಕಿಕೊಟ್ಟ ಕೆಲಸಕ್ಕೇ ಸೇರೋಣವೆಂದುಕೊಂಡಿದ್ದೆ. ಕೊನೆಗೆ ಒಬ್ಬರು ಬಂದರು, ಎಲೆತೋಟದ ದಾವಲಬಿ. ನನ್ನ ವೀಳ್ಯದೆಲೆಯ ಚಿತ್ರವನ್ನು ಬಹಳ ಹೊತ್ತು ನೋಡಿ, "ಇದು ಎಲಿಬಳ್ಳಿ ಅಲ್ರಿ ಸರ, ಕಾಳಮೆಣಸಿಂದು! ಫೋಟೋ ನೋಡಿ ತಗದೀರೇನು?" ಎಂದರು. ನಿಜ, ಫೋನಿನಲ್ಲೇ ನೋಡಿದ್ದೆ. ಸೆರಗಿನ ಗಂಟು ಬಿಚ್ಚಿ ಒಂದೆಲೆ ಕೈಗಿಟ್ಟರು: "ಮೊದಲ ಇದನ್ನ ನೋಡಿ ತಗೀರಿ, ಆಮ್ಯಾಲ ತಿನ್ರಿ."

ಹತ್ತು ವರ್ಷದಲ್ಲಿ ನನ್ನ ಚಿತ್ರವನ್ನು ಯಾರೂ ಇಷ್ಟು ನೋಡಿರಲಿಲ್ಲ. ಆ ಎಲೆಯನ್ನು ನೋಡಿ ಬರೆದೆ, ಆಮೇಲೆ ಅಡಿಕೆ, ಸುಣ್ಣ ಹಾಕಿ ತಿಂದೆ. ಸೊಂಟನೋವು ಬಿಟ್ಟರೆ ಕ್ಷೇಮ. ಈ ಕಾರ್ಡಿನ ಮೂಲೆಯ ಕೆಂಪು ಆ ತಾಂಬೂಲದ್ದೇ. ಕಲೆ ಸುಲಭಕ್ಕೆ ಹೋಗುವುದಿಲ್ಲ ಎಂದು ಭಾವನಿಗೆ ಹೇಳಿಬಿಡು.

ಸುಧೀಂದ್ರ