ಅರವತ್ತರ ಎಣಿಕೆ

ನವೆಂಬರ್ 3, ಸೋಮವಾರ

ಇವತ್ತೂ ಅದೇ. ವೃತ್ತದಲ್ಲಿ ಕೂರು, ಕಾಲು ಚಾಚು, ಹೆಬ್ಬೆರಳು ಹಿಡಿ, ಅರವತ್ತರ ತನಕ ಎಣಿಸು. ಬಲಗಾಲು, ಎಡಗಾಲು, ತೊಡೆ, ಮೀನಖಂಡ... ಒಂದೊಂದಕ್ಕೂ ಎರಡೆರಡು ಸಲ. ಇಪ್ಪತ್ತು ನಿಮಿಷ ಇದರಲ್ಲೇ ಹೋಯಿತು.

ಎಣಿಕೆ ಕನ್ನಡದಲ್ಲೇ ಆಗಬೇಕು, ಹನ್ನೊಂದು ಜನರೂ ಒಟ್ಟಿಗೆ. ನಮ್ಮ ಕೋಚ್ ಶಶಿಧರ ಸರ್ ಧಾರವಾಡದವರು. ದಾಬೋಲಿಮ್‌ನ ವಿಮಾನ ನಿಲ್ದಾಣದ ಪಕ್ಕದ ಈ ಮೈದಾನಕ್ಕೆ ಬಂದು ಹದಿನೇಳು ವರ್ಷವಾದರೂ ಎಣಿಕೆ ಇನ್ನೂ ಊರಲ್ಲೇ ಇದೆ. ನಮ್ಮ ಜೊತೆಯ ಓಂಕಾರ್‌ನ ಮನೆಯಲ್ಲಿ ಕೊಂಕಣಿ. ಅವನಿಗೆ ಬರುವುದು ಅರವತ್ತೇ ಕನ್ನಡ ಶಬ್ದ, ಅವೂ ಸಾಲಾಗಿ ಹೇಳಿದರೆ ಮಾತ್ರ. ಮೇಲೆ ವಿಮಾನ ಹೋದರೆ ಸದ್ದಿಗೆ ಎಣಿಕೆ ತಪ್ಪುತ್ತದೆ. ತಪ್ಪಿದರೆ ಮತ್ತೆ ಒಂದರಿಂದ.

ಆಮೇಲೆ ಹೈಜಂಪ್. 1.57 ಮೀಟರ್ ದಾಟಿದೆ. 1.60ಕ್ಕೆ ಮೂರು ಸಲವೂ ಅಡ್ಡಕೋಲು ಬೀಳಿಸಿದೆ. ಮೂವತ್ತನೇ ತಾರೀಕು ರಾಜ್ಯ ತಂಡದ ಟ್ರಯಲ್ಸ್. 1.60 ದಾಟಿದವರಿಗಷ್ಟೇ ತಂಡ. ಮೂರು ಸೆಂಟಿಮೀಟರ್! ನಮ್ಮ ಅಂಗಡಿಯಲ್ಲಿ ಗಿರಾಕಿಗೆ ಬಟ್ಟೆ ಹರಿಯುವಾಗ ಅಪ್ಪ ಅದಕ್ಕಿಂತ ಹೆಚ್ಚು ಬಿಟ್ಟುಕೊಡುತ್ತಾನೆ.

ನವೆಂಬರ್ 5, ಬುಧವಾರ

ಕಾಲೇಜಿಗೆ ಫಿಸಿಯೋಥೆರಪಿ ಡಾಕ್ಟರ್ ಒಬ್ಬರು ಬಂದಿದ್ದರು. ಜಿಗಿಯುವ ಮುಂಚೆ ಸ್ನಾಯುವನ್ನು ನಿಮಿಷಕ್ಕಿಂತ ಹೆಚ್ಚು ಎಳೆದು ಹಿಡಿದರೆ ಸ್ವಲ್ಪ ಹೊತ್ತು ಅದರ ಒದೆತ ಕಡಿಮೆಯಾಗಬಹುದಂತೆ. ಬದಲಿಗೆ ನಡೆಯುತ್ತ ಕಾಲು ಬೀಸಿ, ಮಂಡಿ ಎತ್ತಿ ಓಡಿ, ಸಣ್ಣಸಣ್ಣ ಜಿಗಿತ ಹಾಕಿ ಅಂದರು. ಕೂತು ಎಳೆಯುವುದನ್ನು ಆಟ ಮುಗಿದ ಮೇಲೆ ಮಾಡಿ ಅಂದರು.

ಕೂತಲ್ಲೇ ಲೆಕ್ಕ ಹಾಕಿದೆ. ಒಂದೊಂದು ಸ್ನಾಯುವಿಗೆ ಎರಡು ನಿಮಿಷ. ಮೂರು ವರ್ಷದಿಂದ!

ಸಂಜೆ ಸರ್‌ಗೆ ಹೇಳಿದೆ.

"ಮೊಬೈಲ್‌ನ್ಯಾಗ ನೋಡಿದ್ಯಾ?"

"ಇಲ್ರಿ ಸರ್, ಡಾಕ್ಟರ್ ಹೇಳಿದ್ರು."

"ಆ ಡಾಕ್ಟರ್ ಎಷ್ಟ್ ಎತ್ತರ ಜಿಗೀತಾರಂತ?"

ಎಲ್ಲರೂ ನಕ್ಕರು. ನನಗೂ ನಗು ಬಂತು, ಅದಕ್ಕೇ ಸಿಟ್ಟು ಹೆಚ್ಚು.

ನವೆಂಬರ್ 9, ಭಾನುವಾರ

ನಾಲ್ಕು ದಿನದಿಂದ ಅಂಗಡಿ ಹಿಂದಿನ ಗೋಡೆಯಲ್ಲಿ ಪರೀಕ್ಷೆ ನಡೆಸಿದ್ದೇನೆ. ಬೆರಳಿಗೆ ದರ್ಜಿಯ ನೀಲಿ ಚಾಕ್ ಬಳಿದುಕೊಂಡು ನಿಂತಲ್ಲೇ ಜಿಗಿದು ಗೋಡೆ ಮುಟ್ಟುವುದು. ಗುರುತನ್ನು ಅಂಗಡಿಯ ಕಬ್ಬಿಣದ ಮೀಟರ್ ಕೋಲಿನಿಂದ ಅಳೆಯುವುದು. ಅರವತ್ತು ಎಣಿಸಿ ಜಿಗಿದಾಗ 2.56. ಇವತ್ತು ಎಣಿಸದೆ, ಕಾಲು ಬೀಸಿ ಜಿಗಿದೆ. 2.61! ಐದು ಸೆಂಟಿಮೀಟರ್! ಚೆಂದಗೆ ಗೆರೆ ಹಾಕಿ ಒಂದು ಪುಟ ಬರೆದಿಟ್ಟಿದ್ದೇನೆ. ನಾಳೆ ಸರ್ ಮೂಗಿನ ಕೆಳಗೆ ಹಿಡಿಯುತ್ತೇನೆ.

ನವೆಂಬರ್ 10, ಸೋಮವಾರ. ಬೆಳಿಗ್ಗೆ

ಚಹಾ ಕುಡಿಯುವಾಗ ಅಪ್ಪ ಕೇಳಿದ, "ಗೋಡಿ ಮ್ಯಾಲೆ ನೀಲಿ ಬಳದಾವ್ರು ಯಾರ?" ಹೇಳಿದೆ. ಯಾವ ಯಾವ ಹೊತ್ತಿಗೆ ಜಿಗಿದೆ ಅಂದ. ಗುರು, ಶುಕ್ರ, ಶನಿ ಎಣಿಸಿ ಜಿಗಿದದ್ದು ಸಂಜೆ, ಕೌಂಟರ್‌ನಲ್ಲಿ ಮೂರು ತಾಸು ನಿಂತ ಮೇಲೆ. ಎಣಿಸದೆ ಜಿಗಿದದ್ದು ನಿನ್ನೆ, ಅಂಗಡಿ ರಜೆ, ಉಂಡು ಮಲಗಿ ಎದ್ದ ಮೇಲೆ.

ಅಪ್ಪ ನಕ್ಕ. "ಒಂದ್ ಬಟ್ಟಿ ತೋಯಿಸಿ ಅಳದಿ, ಇನ್ನೊಂದ್ ಒಣಾ ಅಳದಿ. ಹಿಂಗ ಅಳದ್ರ ಜಗಳ ಆಗತಾವವ್ವಾ, ವ್ಯಾಪಾರ ಆಗಂಗಿಲ್ಲ."

ಖರೇ ಮಾತು. ಪುಟ ಹರಿದು ಹಾಕಿದೆ.

ಸಂಜೆ

ಲೆಕ್ಕ ತಪ್ಪಿರಬಹುದು, ಆದರೂ ವೃತ್ತದಲ್ಲಿ ಕೂರಲಿಲ್ಲ.

"ಕುಂದರ ಮೃದುಲಾ."

"ಕುಂದ್ರಂಗಿಲ್ರಿ ಸರ್. ನಾ ಕಾಲ ಬೀಸಿ ಮೈ ಬಿಸಿ ಮಾಡ್ಕೋತೇನಿ."

ಹತ್ತು ಕತ್ತು ನನ್ನ ಕಡೆ ತಿರುಗಿದವು. ಎಣಿಕೆ ಹದಿನಾಲ್ಕಕ್ಕೆ ನಿಂತಿತು.

"ಟ್ರಯಲ್ಸ್ ಫಾರ್ಮಿಗೆ ಸಹಿ ನಂದು. ವೃತ್ತದ ಹೊರಗಿದ್ದಾವ್ರು ಫಾರ್ಮಿನ ಹೊರಗ. ಮನೀಗ್ ನಡಿ."

ನಡೆದೆ. ನಜ್ಮಾ ಗೇಟಿನ ತನಕ ಓಡಿ ಬಂದಳು. ಕೂಲಿಕಾರರ ಕೇರಿ ಝುವಾರಿನಗರದಿಂದ ನಡೆದು ಬರುವ ಹುಡುಗಿ, ಲಾಂಗ್‌ಜಂಪ್, ಮೂರು ವರ್ಷದಿಂದ ವೃತ್ತದಲ್ಲಿ ನನ್ನ ಪಕ್ಕದವಳು. ನೀನೂ ಏಳು ಅಂದೆ.

"ನಿಂಗ ಅಂಗಡಿ ಐತಿ. ನಂಗ ಇದೊಂದ ಫಾರ್ಮ್ ಐತಿ" ಅಂದಳು.

ಅವಳು ವೃತ್ತಕ್ಕೆ ವಾಪಸ್ ಓಡಿದಳು, ನಾನು ಮನೆಗೆ ನಡೆದೆ.

ನವೆಂಬರ್ 18, ಮಂಗಳವಾರ

ಎಂಟು ದಿನ ಬರೆಯಲಿಲ್ಲ. ಮೈದಾನಕ್ಕೂ ಹೋಗಲಿಲ್ಲ. ಬೆಳಿಗ್ಗೆ ಬೀದಿಯಲ್ಲಿ ಓಡಿದೆ, ಮಧ್ಯಾಹ್ನ ಬ್ಲೌಸ್ ಪೀಸ್ ಹರಿದೆ, ಸಂಜೆ ಎಲ್ಲರ ಮೇಲೂ ರೇಗಿದೆ.

ಇವತ್ತು ನಜ್ಮಾ ಅಸ್ತರ್ ಬಟ್ಟೆಗೆ ಬಂದಿದ್ದಳು. ಸರ್ ಅವಳ ಮುಂದೆ ಬಾಯಿಬಿಟ್ಟರಂತೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ದೊಡ್ಡ ಕ್ರೀಡಾಕೂಟಕ್ಕೆ ಹೋಗಿದ್ದಾಗ ಬಸ್ಸು ತಡವಾಗಿ ಬಂತು. ಇಳಿದವರೇ ನೇರ ಜಿಗಿದರು. ತೊಡೆಯ ಹಿಂದಿನ ಸ್ನಾಯು ಹರಿಯಿತು. ಮತ್ತೆ ಜಿಗಿಯಲಿಲ್ಲ. ಅಂದಿನಿಂದ ಅರವತ್ತು.

ಪಾಪ ಅನ್ನಿಸಿತು. ಕಣ್ಣೂ ತುಂಬಿತು, ಸುಳ್ಳು ಯಾಕೆ. ಆದರೆ ಅವರ ಬಸ್ಸು ತಡವಾದದ್ದಕ್ಕೆ ದಂಡ ನಾನು ಕಟ್ಟಬೇಕೆ? ಅವರು ತಣ್ಣನೆಯ ಮೈಯಲ್ಲಿ ಜಿಗಿದರು. ಹಾಗೆ ಜಿಗಿಯುತ್ತೇನೆ ಅಂತ ನಾನೆಲ್ಲಿ ಹೇಳಿದ್ದೇನೆ?

ನಾಳೆ ಹೋಗುತ್ತೇನೆ. ಹೊರಗೆ ಹಾಕಿದರೆ ಇನ್ನೊಮ್ಮೆ ಹಾಕಲಿ.

ನವೆಂಬರ್ 19, ಬುಧವಾರ

ಎಲ್ಲರೆದುರೇ ಹೇಳಿದೆ. "ಸರ್, ಮೈ ಬಿಸಿ ಮಾಡ್ಕೊಳ್ಳದನ ಜಿಗೀತೇನಿ ಅನ್ನಾಕತ್ತಿಲ್ರಿ ನಾ. ಕುಂತ ಎಳಿಯೂದ ಬ್ಯಾಡ ಅನ್ನಾಕತ್ತೇನಿ. ನಂದೂ ಬ್ಯಾಡ, ನಿಮ್ದೂ ಬ್ಯಾಡ, ಗೋಡಿನ್ನ ಕೇಳೋಣ. ನಾ ಸೋತ್ರ ಅರವತ್ತಲ್ಲ, ನೂರಾ ಇಪ್ಪತ್ತ ಎಣಸ್ತೇನಿ."

ಸರ್ ಶಿಳ್ಳೆಯ ದಾರ ಬೆರಳಿಗೆ ಸುತ್ತಿದರು. ಆಮೇಲೆ, "ಯಾವ ಗೋಡಿ?"

ಪಂಪ್‌ಹೌಸ್ ಗೋಡೆ. ನಿಯಮ ನಾನು ಹೇಳಿದೆ, ತೋಯ್ದ ಬಟ್ಟೆಯ ಪಾಠ ನೆನಪಿಟ್ಟುಕೊಂಡು. ಒಂದೇ ಹೊತ್ತು, ಮೈ ಬಿಸಿಗೆ ಎಲ್ಲರಿಗೂ ಒಂದೇ ಓಟ. ಗುರುವಾರ ಚೀಟಿ ಎತ್ತಿ, ಅರ್ಧ ಜನ ಎಣಿಸುವುದು, ಅರ್ಧ ಜನ ಕಾಲು ಬೀಸುವುದು. ಶನಿವಾರ ಅದಲುಬದಲು.

ಸರ್ ಒಂದು ಸೇರಿಸಿದರು. "ಅಳಿಯಾಂವಗ ಯಾರ್ ಎಣಿಸ್ಯಾರ, ಯಾರ್ ಇಲ್ಲ ಅಂತ ಗೊತ್ತಿರಬಾರ್ದು. ಇಲ್ಲಾಂದ್ರ ಕಣ್ಣ ಕಳ್ಳತನ ಮಾಡತಾವ."

ಮುದುಕ ಸಾಮಾನ್ಯನಲ್ಲ.

ನವೆಂಬರ್ 22, ಶನಿವಾರ

ಅಳೆದದ್ದು ಅಪ್ಪ. ಗುರುವಾರ, ಇವತ್ತು — ಎರಡು ಸಂಜೆ ಅಂಗಡಿ ಮುಚ್ಚಿಕೊಂಡು ಮೀಟರ್ ಕೋಲು ಹೆಗಲ ಮೇಲಿಟ್ಟುಕೊಂಡು ಬಂದ. ನಾವು ತಯಾರಿ ಮಾಡುವಾಗ ಬೆನ್ನು ತಿರುಗಿಸಿ ವಿಮಾನ ನೋಡುತ್ತ ನಿಂತಿದ್ದ.

"ಕೋಲ ಖರೇ ಐತೇನ್ರಿ?" ಅಂದರು ಸರ್.

"ಬೆಳಗಾವಿ ಕೋಲರಿ. ಧಾರವಾಡದಾವ್ರಿಗೆ ನಂಬಿಕಿ ಬರಂಗಿಲ್ಲ ಅಂತ ಗೊತ್ತಿತ್ತು" ಅಂದ ಅಪ್ಪ.

ಹನ್ನೊಂದು ಜನ. ಎಣಿಸಿ ಜಿಗಿದಾಗ ಎಂಟು ಜನರ ಗುರುತು ಕೆಳಗೆ. ಇಬ್ಬರದು ಸಮ. ಓಂಕಾರ್‌ದು ಮಾತ್ರ ಒಂದು ಸೆಂಟಿಮೀಟರ್ ಮೇಲೆ, ಅದಕ್ಕೆ ಅವನು ಕುಣಿದೇ ಕುಣಿದ. ನನಗೆ ಎರಡು ಕಡಿಮೆ. ನಾನು ಹಾರಾಡಿದ್ದ ಐದಲ್ಲ, ಎರಡು. ನಜ್ಮಾಗೆ ಮೂರು.

ನಜ್ಮಾ ಆ ಗುರುತನ್ನೇ ನೋಡುತ್ತ ನಿಂತಳು. ಸರ್ ನೋಟ್‌ಬುಕ್ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು ಹೋದರು. ಗೆದ್ದೆ ಅಂತ ಕೂಗಬೇಕಿತ್ತು. ಅಪ್ಪನ ಕೋಲು ಹೊತ್ತುಕೊಂಡು ಮನೆಗೆ ಬಂದೆ.

ನವೆಂಬರ್ 26, ಬುಧವಾರ

ಫಾರ್ಮ್ ಕೊಡಲು ಕಡೇ ದಿನ. ವೃತ್ತ ಎಂದಿನಂತೆ ಕೂತಿತ್ತು, ನಜ್ಮಾ ಸಹಿತ. ನಾನು ಹೊರಗೆ ಕಾಲು ಬೀಸಿದೆ. ಯಾರೂ ಬೈಯಲಿಲ್ಲ.

ಹೊರಡುವಾಗ ಸರ್ ಫಾರ್ಮ್ ಕೈಗಿಟ್ಟರು. ಸಹಿ ಇತ್ತು.

"ಸಹಿ ಮಾಡೇನಿ ಅಂದ್ರ ಒಪ್ಪೇನಿ ಅಂತಲ್ಲ."

"ಗೊತ್ತೈತ್ರಿ ಸರ್. ಸಹಿ ಆತು ಅಂತ ನಾ ಕುಂದ್ರತೇನಿ ಅಂತಲೂ ಅಲ್ಲ."

ಸರ್ ತುಟಿ ಅಲುಗಿತು. ನಗುವೋ ಬೈಗುಳವೋ ತಿಳಿಯಲಿಲ್ಲ.

ನವೆಂಬರ್ 30, ಭಾನುವಾರ. 7.10

ಟ್ರಯಲ್ಸ್ ಮೈದಾನ. ಹತ್ತೂ ಜನ ಅಭ್ಯಾಸಬಲದಿಂದ ವೃತ್ತ ಮಾಡಿ ಕೂತರು. ಕಾಲು ಚಾಚಿದರು. ಸರ್ ಬಂದರು, ನಿಂತರು, ನೆಲ ನೋಡುತ್ತ ಹೇಳಿದರು, "ಏಳ್ರಿ. ಕಾಲ ಬೀಸ್ರಿ."

ಯಾರೂ ಏಳಲಿಲ್ಲ. ಕಿವಿಯನ್ನು ನಂಬಲಿಲ್ಲ, ಪಾಪ.

"ಕಿವಿ ಕೇಳಸಂಗಿಲ್ಲೇನ? ಏಳ್ರೀ ಅಂದೆ!"

ಎದ್ದರು. ನನ್ನ ಕಡೆ ಮಾತ್ರ ಸರ್ ನೋಡಲಿಲ್ಲ.

11.40

1.57, ಮೊದಲ ಸಲಕ್ಕೇ. 1.60 — ಬೀಳಿಸಿದೆ. ಎರಡನೆಯದೂ ಬೀಳಿಸಿದೆ. ಮೂರನೆಯದಕ್ಕೆ ಹಿಮ್ಮಡಿ ತಾಗಿ ಅಡ್ಡಕೋಲು ನಡುಗಿತು... ನಡುಗಿತು... ನಿಂತಿತು. ಮ್ಯಾಟ್ ಮೇಲೆ ಮಲಗಿಕೊಂಡೇ ನೋಡಿದೆ. ನಿಂತೇ ಇತ್ತು! ತಂಡದಲ್ಲಿ ನನ್ನ ಹೆಸರಿದೆ. ಅರವತ್ತು ಬಿಟ್ಟದ್ದಕ್ಕೋ, ಸಿಟ್ಟಿನ ಬಲಕ್ಕೋ ಗೊತ್ತಿಲ್ಲ. ಒಂದು ಜಿಗಿತದಿಂದ ಏನೂ ಸಾಬೀತಾಗುವುದಿಲ್ಲ, ಅಷ್ಟು ಕಲಿತಿದ್ದೇನೆ.

ಲಾಂಗ್‌ಜಂಪ್‌ನಲ್ಲಿ ನಜ್ಮಾ ನಾಲ್ಕನೆಯವಳು. ಮೂವರಿಗಷ್ಟೇ ಜಾಗ. ಎರಡು ಸೆಂಟಿಮೀಟರ್‌ನಲ್ಲಿ ತಪ್ಪಿತು.

ಅವಳು ನೇರ ಸರ್ ಹತ್ತಿರ ಹೋದಳು. ಎಂದೂ ತಲೆ ಎತ್ತದವಳು ಎತ್ತಿದಳು. "ಸರ್, ಮೂರ ವರ್ಷ ನೀವ್ ಹೇಳಿದಂಗ ಎಣಿಸೇನ್ರಿ. ಅದನ್ನ ವಾಪಸ್ ಯಾರ್ ಕೊಡತಾರ?"

ನಾನು ಇಷ್ಟು ದಿನ ಕೂಗಾಡಿದ್ದೆಲ್ಲ ಈ ಒಂದು ಮಾತಿನ ಮುಂದೆ ಏನೂ ಅಲ್ಲ.

ಸರ್ ಉತ್ತರ ಹುಡುಕಲಿಲ್ಲ. "ತಪ್ಪ ನಂದವ್ವಾ" ಅಂದರು. "ಮುಂದಿನ ವರ್ಷಾನೂ ಟ್ರಯಲ್ಸ್ ಐತಿ. ನಾ ಇರತೇನಿ. ನೀ ಬರತೀಯೇನ?"

"ಬರತೇನ್ರಿ. ನಿಮ್ಮ ಸಲುವಾಗಿ ಅಲ್ಲ."

12.15

ಎಲ್ಲರ ಜಿಗಿತ ಮುಗಿದಿದೆ. ಹುಣಸೆ ಮರದ ಕೆಳಗೆ ವೃತ್ತ ಕೂತಿದೆ. ಜಿಗಿದ ಮೇಲೆ! ಹದಿನೇಳು ವರ್ಷದಲ್ಲಿ ಮೊದಲ ಸಲ. ನಜ್ಮಾ ಪಕ್ಕದ ಜಾಗ ಖಾಲಿ ಇಟ್ಟಿದ್ದಾಳೆ. ಸರ್ ಕೂಗಿ ಹೇಳಿದರು, ಇವತ್ತು ಎಣಿಕೆ ಮೃದುಲಾದು, ಪೂರ್ತಿ ಅರವತ್ತು, ಒಂದೂ ಕಡಿಮೆ ಆಗಕೂಡದು. ಆಗಲಿ. ಜಿಗಿದ ಮೇಲೆ ಆರುನೂರಾದರೂ ಎಣಿಸುತ್ತೇನೆ.

ಓಂಕಾರ್ ನನ್ನನ್ನು ಕಾಯದೆ ಶುರು ಮಾಡಿಬಿಟ್ಟ. ಒಂದ, ಎರಡ... ಏ ತಡಿಯೋ, ಇವತ್ತು ಎಣಿಸುವವಳು ನಾ