ಒಂದು ದಿನಕ್ಕೆ ಒಂದು ದಿನ

ಮನೆಯಿಂದ,
ಶಾಬಾನ್ ತಿಂಗಳ ಮೊದಲ ಸೋಮವಾರ, ಮಧ್ಯಾಹ್ನ

ನನ್ನ ಪ್ರೀತಿಯ 'ರೀ' ಅವರಿಗೆ,

ಅಸ್ಸಲಾಮು ಅಲೈಕುಮ್. ಪತ್ರದಲ್ಲಾದರೂ ನಿಮ್ಮ ಹೆಸರು ಬರೆಯೋಣವೆಂದು ಪೆನ್ನು ಹಿಡಿದೆ, ಕೈ ಓಡಲಿಲ್ಲ. ಮದುವೆಯಾದಾಗಿನಿಂದ 'ರೀ' ಎಂದೇ ಕೂಗಿ ಅಭ್ಯಾಸವಾದವಳಿಗೆ ಹೆಸರು ಬರೆದರೆ ಯಾರೋ ಪರಗಂಡಸಿಗೆ ಬರೆದ ಹಾಗಾಗುತ್ತದೆ. ಹೇಗಿದ್ದೀರಿ? ಎದೆಯಲ್ಲಿ ಕಟ್ಟಿದ್ದ ಕಫ ಕರಗಿತೇ? ಚಿಕ್ಕಂದಿನಿಂದ ಬಾಯ್ಲರ್ ಪಕ್ಕ ಬೆಂದವರು ಹೋಗಿ ಹೋಗಿ ಐಸ್ ಕಾರ್ಖಾನೆ ಸೇರಿದಿರಲ್ಲ, ನಿಮ್ಮ ಹಟಕ್ಕೆ ಏನು ಹೇಳಲಿ! ಉಣ್ಣೆಯ ಬನಿಯನ್ ಕಳಿಸಿದ್ದೆ. ಮೈಮೇಲೆ ಹಾಕಿಕೊಳ್ಳುತ್ತಿದ್ದೀರೋ, ಟ್ರಂಕಿನ ತಳದಲ್ಲಿ ಬೆಚ್ಚಗೆ ಮಲಗಿಸಿದ್ದೀರೋ? ಫೋನಿನಲ್ಲಿ ಕೇಳಿದರೆ 'ಹ್ಞೂಂ, ಹ್ಞೂಂ, ಹಾಕ್ಕೊಂಡಿದೀನಿ, ಮೇಸ್ತ್ರಿ ಕರೀತಿದಾನೆ' ಎಂದು ಕಟ್ ಮಾಡುತ್ತೀರಿ. ಅದಕ್ಕೇ ಈ ಪತ್ರ. ಇದನ್ನು ಕಟ್ ಮಾಡಲು ಬರುವುದಿಲ್ಲ, ಪೂರ್ತಿ ಓದಿಯೇ ತೀರಬೇಕು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಅರ್ಧ ನಿಜ ಅಂತ ಇಟ್ಟುಕೊಳ್ಳಿ. ನಮ್ಮ ಲಾಂಡ್ರಿಗೆ ಕೈತುಂಬ ಕೆಲಸ. ಹೋಟೆಲಿನ ಚಾದರಗಳ ಜೊತೆಗೆ ಈಗ ಆಸ್ಪತ್ರೆಯ ಪರದೆಗಳೂ ಬರುತ್ತಿವೆ, ಹಾಗಾಗಿ ಹರಿದದ್ದನ್ನು ಹೊಲಿಯುವ ನನ್ನ ಮೂಲೆಯಲ್ಲಿ ಕಾಲಿಡಲು ಜಾಗವಿಲ್ಲ. ಅತ್ತೆಯ ಮಂಡಿನೋವು ಮಂಡಿಯಲ್ಲೇ ಇದೆ, ಎಣ್ಣೆ ತಿಕ್ಕುವವಳು ನಾನೇ, ಬೈಸಿಕೊಳ್ಳುವವಳೂ ನಾನೇ. ಬಾಯ್ಲರ್ ನೋಡಿಕೊಳ್ಳಲು ಹೊಸಬನೊಬ್ಬ ಬಂದಿದ್ದಾನೆ. ಮಾವ ಬೆಳಗಿನಿಂದ ಸಂಜೆಯವರೆಗೆ 'ಮೀಟರ್ ಮೇಲೆ ಕಣ್ಣಿಡು' ಎಂದು ಅವನನ್ನು ಕೂಗುತ್ತಲೇ ಇರುತ್ತಾರೆ. ನಡುವೆ ಒಮ್ಮೊಮ್ಮೆ ಬಾಯಿತಪ್ಪಿ ನಿಮ್ಮ ಹೆಸರು ಹಿಡಿದು ಕೂಗಿಬಿಡುತ್ತಾರೆ. ಆಗ ಇಸ್ತ್ರಿಯವರೆಲ್ಲ ತಲೆ ತಗ್ಗಿಸಿ, ಆಗಲೇ ಮುಗಿಸಿದ ಚಾದರವನ್ನೇ ಮತ್ತೆ ಉಜ್ಜುತ್ತಾರೆ.

ಇವತ್ತು ನನಗೆ ಉಪವಾಸ. ಹೋದ ರಂಜಾನಿನಲ್ಲಿ ಹೆಂಗಸರ ತೊಂದರೆಯಿಂದ ಬಿಟ್ಟುಹೋಗಿದ್ದ ದಿನಗಳನ್ನು ಚಳಿಗಾಲದಲ್ಲೇ ಹಿಡಿದು ಮುಗಿಸಿದೆ. ಅವು ಕಡ್ಡಾಯದವು, ಮುಂದಿನ ರಂಜಾನ್ ಬಾಗಿಲಿಗೆ ಬರುವುದರೊಳಗೆ ತೀರಿಸಲೇಬೇಕು. ಅವು ತೀರಿದ ಮೇಲೂ ಮನಸ್ಸು ಸುಮ್ಮನಿರಲಿಲ್ಲ. ಸೋಮವಾರ, ಗುರುವಾರ ನಫಿಲ್ ಹಿಡಿಯತೊಡಗಿದೆ. ಅದು ನಮ್ಮ ಇಷ್ಟದ್ದು, ಹಿಡಿದರೆ ಪುಣ್ಯ, ಬಿಟ್ಟರೆ ಪಾಪವಿಲ್ಲ. ನನಗೇ ಪಾಠ ಹೇಳುತ್ತಾಳಲ್ಲ ಎಂದು ಹುಬ್ಬು ಗಂಟಿಕ್ಕಬೇಡಿ, ಹೇಳುವುದಕ್ಕೆ ಕಾರಣವಿದೆ. ನಾನು ಹಿಡಿದದ್ದು ಅತ್ತೆಯ ಕಣ್ಣಿಗೆ ಬಿತ್ತು. 'ಗಂಡನ್ನ ಕೇಳಿದ್ಯೇನೇ? ಕೇಳ್ದೆ ನಫಿಲ್ ಹಿಡಿಯೋ ಹಾಗಿಲ್ಲ, ಗೊತ್ತಾ ನಿಂಗೆ?' ಎಂದರು. ನನ್ನ ಬಾಯಿ ಗೊತ್ತಲ್ಲ ನಿಮಗೆ, 'ಕೇಳೋಣ ಅಂದ್ರೆ ಗಂಡ ಎಲ್ಲಿದಾರೆ ಅತ್ತೆ?' ಎಂದುಬಿಟ್ಟೆ. ಪಾಪ, ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಅವತ್ತು ಸಂಜೆ ಎಣ್ಣೆಯನ್ನು ಇನ್ನಷ್ಟು ಹೊತ್ತು ತಿಕ್ಕಿದೆ.

ಈಗ ನಿಮ್ಮ ಮಗಳು ಗುಬ್ಬಿಯ ಸುದ್ದಿ. ಇದನ್ನು ಕೂತುಕೊಂಡು ಓದಿ. ಹೋದ ಗುರುವಾರ ತಾನೂ ಉಪವಾಸ ಹಿಡಿಯುತ್ತೇನೆಂದು ಕಾಲು ಬಡಿದಳು. ಮಕ್ಕಳಿಗೆ ಇಲ್ಲ ಕಣೇ, ಮಧ್ಯಾಹ್ನದವರೆಗೆ ಇದ್ದರೆ ಸಾಕು ಎಂದೆ. ಕೇಳುತ್ತಾಳೆಯೇ? ಅಪ್ಪನ ಮಗಳು! ಶಾಲೆ ಬಿಟ್ಟ ಮೇಲೆ ನೋಡಿದರೆ ಹುಡುಗಿ ಎಲ್ಲೂ ಇಲ್ಲ. ಹೊಲಿಗೆ ಬಿಟ್ಟು ಓಡಿದೆ. ಬಟ್ಟೆ ಒಣಹಾಕುವ ಮಹಡಿ, ಪಕ್ಕದ ಓಣಿ, ಗಾಡಿ ನಿಲ್ಲಿಸುವ ಜಾಗ ಎಲ್ಲ ಹುಡುಕಿ ಜೀವ ಬಾಯಿಗೆ ಬಂತು. ಕೊನೆಗೆ ಒಗೆಯಲು ಬಂದ ಬಟ್ಟೆಯ ರಾಶಿ ಹಿಂದೆ ಸಿಕ್ಕಳು. ಶಾಲೆ ಚೀಲದಿಂದ ಪುಸ್ತಕಗಳನ್ನೆಲ್ಲ ತೆಗೆದಿಟ್ಟು, ಎರಡು ಲಂಗ, ಬಾಚಣಿಗೆ, ನಿಮ್ಮ ಹಳೆಯ ಟೋಪಿ ತುಂಬಿಕೊಂಡು ಕೂತಿದ್ದಾಳೆ. ತುಟಿಯ ಸುತ್ತ ಬಿಸ್ಕತ್ತಿನ ಪುಡಿ. 'ಪಕ್ಕದಲ್ಲಿ ಕೂರೋಳು ಕೊಟ್ಳು, ಮರ್ತೋಗಿ ಅಲ್ಲಮ್ಮ, ಬೇಕೂಂತಾನೇ ತಿಂದೆ. ಅಪ್ಪ ನೀರು ಕುಡಿದಿದ್ದಕ್ಕೆ ಮನೆ ಬಿಟ್ಟು ಹೋದ್ರಲ್ಲ, ನಾನೂ ಹೋಗ್ಬೇಕಾ? ಅಪ್ಪನ ಹತ್ರಾನೇ ಹೋಗ್ಲಾ?' ಎಂದಳು. ರೀ, ಅವಳನ್ನು ತಬ್ಬಿಕೊಂಡು ಆ ಹೋಟೆಲಿನವರ ಚಾದರದ ಮೇಲೆಯೇ ಕೂತು ಅತ್ತುಬಿಟ್ಟೆ.

ಹೋದ ರಂಜಾನಿನ ಆ ದಿನದ ಮಾತನ್ನು ನಾವು ಯಾರೂ ಅವಳೆದುರು ಆಡಿಲ್ಲ. ಆದರೂ ಅವಳಿಗೆ ಎಲ್ಲ ಗೊತ್ತಿದೆ. ಬಾಯ್ಲರಿನ ವಾಲ್ವ್ ಜಾಮ್ ಆಗಿ ಕೋಣೆಯ ತುಂಬ ಉಗಿ ತುಂಬಿಕೊಂಡದ್ದು, ಎಲ್ಲರೂ ಹೊರಗೋಡಿದಾಗ ನೀವೊಬ್ಬರೇ ಒಳಗೆ ನಿಂತು ಸರಿಮಾಡಿದ್ದು, ಹೊರಬಂದವರು ಕಣ್ಣು ಕತ್ತಲಿಟ್ಟು ನಲ್ಲಿಯ ಬುಡದಲ್ಲಿ ಕುಸಿದು ಬೊಗಸೆಯಲ್ಲಿ ನೀರು ಕುಡಿದದ್ದು, ಎಲ್ಲವನ್ನೂ ನಾನು ಈ ಕಣ್ಣಿಂದ ನೋಡಿದ್ದೇನೆ. ಆ ಹೊತ್ತಿಗೇ ಮಾವ ಬಂದದ್ದು, ಹಿಂದೆ ಮುಂದೆ ವಿಚಾರಿಸದೆ ಇಸ್ತ್ರಿಯವರೆಲ್ಲರ ಎದುರು 'ಒಂದಿನ ಬಾಯಿ ಕಟ್ಟೋಕ್ ಆಗ್ದೋನು ನನ್ನ ಮಗ ಅಂತ ಹೇಳ್ಕೋಬೇಡ' ಎಂದದ್ದು ಕಿವಿಯಲ್ಲಿ ಇನ್ನೂ ಇದೆ. ನೀವೂ ಒಂದು ಮಾತು ತಿರುಗಿ ಆಡಲಿಲ್ಲ. ಹಬ್ಬದ ಮಾರನೆಯ ದಿನ ಟ್ರಂಕು ಎತ್ತಿದಿರಿ. ನಿಮ್ಮಪ್ಪನ ಮೂಗಿನ ತುದಿಯ ಕೋಪ ಕೆಟ್ಟದ್ದೇ, ಆದರೆ ಹೊಟ್ಟೆಯೊಳಗೆ ಇಟ್ಟುಕೊಳ್ಳುವ ನಿಮ್ಮ ಕೋಪವೇನೂ ಒಳ್ಳೆಯದಲ್ಲ.

ಗುಬ್ಬಿ ಹಾಗೆ ಕೇಳಿದ ಮಾರನೆಯ ದಿನವೇ ಅವಳಿಗೆ ಕುರ್‌ಆನ್ ಓದಲು ಕಲಿಸುವ ಟೀಚರಮ್ಮನ ಮನೆಗೆ ಹೋದೆ. ಮೊದಲು ಅತ್ತೆಯ ಪ್ರಶ್ನೆ ಕೇಳಿದೆ. ಅವರು ಕನ್ನಡಕ ಹಣೆಗೇರಿಸಿ, 'ಕಡ್ಡಾಯದ್ದಕ್ಕೆ ಯಾರಪ್ಪನ ಒಪ್ಪಿಗೇನೂ ಬೇಡ. ನಫಿಲ್‌ಗೆ ಗಂಡ ಮನೇಲಿದ್ರೆ ಕೇಳ್ಬೇಕು, ಪರ ಊರಲ್ಲಿದ್ರೆ ಕೇಳೋದೇನೂ ಇಲ್ಲ, ಹಿಡ್ಕೋ' ಎಂದರು. ಆಮೇಲೆ ನಿಮ್ಮ ವಿಷಯ ಕೇಳಿದೆ. ಹೆಸರು ಹೇಳಲಿಲ್ಲ, ಆದರೆ ಬೀದಿಗೆಲ್ಲ ಗೊತ್ತಿರುವುದು ಅವರಿಗೆ ಗೊತ್ತಿಲ್ಲವೇ? 'ಜೀವಕ್ಕೇ ಬಂದಾಗ ಕುಡಿಯೋದು ತಪ್ಪಲ್ಲ ಕಣಮ್ಮ, ಕುಡೀದೆ ಸತ್ತಿದ್ರೆ ತಪ್ಪು. ಆ ಒಂದು ದಿನಕ್ಕೆ ಇನ್ನೊಂದು ದಿನ ಹಿಡೀಲಿ, ಮುಗೀತು. ದಂಡ ಇಲ್ಲ ಗಿಂಡ ಇಲ್ಲ' ಎಂದರು. ಕೇಳಿದಿರಾ? ಒಂದು ದಿನಕ್ಕೆ ಒಂದು ದಿನ! ಅಷ್ಟಕ್ಕೆ ನಾವು ಹೆಚ್ಚುಕಡಿಮೆ ಒಂದು ವರ್ಷ ಕಳೆದುಕೊಂಡು ಕೂತಿದ್ದೇವೆ. ಹೊರಡುವಾಗ ನಾನು ಬಾಗಿಲಲ್ಲಿ ನಿಂತು, ಹಾಗಾದರೆ ನಾಲ್ಕು ಜನರ ಮುಂದೆ ಬೈದವರದು ಹೇಗೆ ತೀರುತ್ತದೆ ಎಂದೂ ಕೇಳಿದೆ. 'ಅದು ಉಪವಾಸದಲ್ಲಿ ತೀರಲ್ಲ, ಬಾಯಿಂದ ಹೋದದ್ದನ್ನ ಬಾಯಿಂದಾನೇ ತೀರಿಸ್ಬೇಕು' ಎಂದು ಕನ್ನಡಕ ಇಳಿಸಿಕೊಂಡರು.

ಮಾವನ ವಿಷಯ ನಿಮ್ಮಿಂದ ಮುಚ್ಚಿಡಬೇಡ ಎನ್ನುತ್ತದೆ ಮನಸ್ಸು. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿದೆ. ಈ ರಂಜಾನಿನಲ್ಲಿ ಉಪವಾಸದ ಹೆಸರೆತ್ತಬಾರದು, ಹೊತ್ತುಹೊತ್ತಿಗೆ ಮಾತ್ರೆ, ಊಟ ಆಗಲೇಬೇಕು ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಬದಲಿಗೆ ದಿನಕ್ಕೊಬ್ಬ ಬಡವನಿಗೆ ಊಟ ಹಾಕಿದರೆ ಸಾಕಂತೆ. ಆದರೆ ಮೀಸೆ ಮೂಡುವ ಮುಂಚಿನಿಂದ ಒಂದು ದಿನವೂ ತಪ್ಪಿಸದ ಮನುಷ್ಯನಿಗೆ ಅದು ಹೇಗೆ ಸಾಕಾದೀತು? ಅವರ ಸೋಮವಾರ, ಗುರುವಾರವೂ ನಿಂತುಹೋಗಿದೆ. ಇವತ್ತು ಬೆಳಿಗ್ಗೆ ಮಡಿಸಿಟ್ಟ ಚಾದರಗಳ ಮರೆಯಲ್ಲಿ, ಗೋಡೆಗೆ ಮುಖ ಮಾಡಿ ಮಾತ್ರೆ ನುಂಗುತ್ತಿದ್ದರು. ಸೋಮವಾರ ಯಜಮಾನರು ಉಪವಾಸ ಇರುತ್ತಾರೆಂದು ಕೆಲಸದವರಿಗೆಲ್ಲ ಗೊತ್ತಲ್ಲ, ಅದಕ್ಕೇ ಆ ಮರೆ. ನನ್ನ ಕಾಲ ಸಪ್ಪಳ ಕೇಳಿ ನೀರಿನ ಲೋಟವನ್ನು ಕಪಾಟಿನ ಹಿಂದೆ ಇಟ್ಟುಬಿಟ್ಟರು. ನನಗೆ ಅಯ್ಯೋ ಎನಿಸಿತು, ಸಿಟ್ಟೂ ಬಂತು. ಈಗ ಬಿಟ್ಟರೆ ಮತ್ತೆ ಧೈರ್ಯ ಬರಲಿಕ್ಕಿಲ್ಲ ಎಂದುಕೊಂಡು ಗುಬ್ಬಿ ಇನ್ನೂ ಬಿಚ್ಚಲು ಬಿಡದ ಆ ಚೀಲ ತಂದು ಅವರ ಮುಂದಿಟ್ಟೆ. ಅವಳು ಏನೆಂದಳು, ಟೀಚರಮ್ಮ ಏನೆಂದರು, ಬಾಯಿಂದ ತೀರಿಸುವ ಮಾತನ್ನೂ ಸೇರಿಸಿ, ಒಂದನ್ನೂ ಬಿಡದೆ ಹೇಳಿದೆ. ಈ ಮನೆಗೆ ಬಂದ ಮೇಲೆ ಅವರೆದುರು ತಲೆಯೆತ್ತಿ ಮಾತಾಡಿದ್ದು ಅದೇ ಮೊದಲು. ಮಾವ ಚೀಲದೊಳಗಿಂದ ನಿಮ್ಮ ಟೋಪಿ ತೆಗೆದು ನೋಡಿದರು, ಧೂಳು ಕೊಡವಿ ಮತ್ತೆ ಒಳಗಿಟ್ಟರು. ಆಮೇಲೆ ಎದ್ದು ಬಾಯ್ಲರ್ ಕಡೆ ಹೋದರು.

ಅವರು ಬಾಯಿ ಬಿಡಲಿ, ಬಿಡದಿರಲಿ, ನನ್ನ ತೀರ್ಮಾನ ಆಗಿದೆ. ಈ ಶಾಬಾನ್ ಮುಗಿದು ಬರುವ ರಂಜಾನಿನ ಮೊದಲ ಸಹರಿಗೆ, ಬೆಳಕು ಹರಿಯುವ ಮುಂಚೆ, ನಾವು ಮೂವರೂ ಒಟ್ಟಿಗೆ ಕೂತು ಉಣ್ಣಬೇಕು. ಇಲ್ಲೇ ಆದರೆ ಒಳ್ಳೆಯದು. ಇಲ್ಲಿ ಆಗುವುದಿಲ್ಲ ಎಂದರೆ ನಾನು ಗುಬ್ಬಿಯನ್ನೂ ಹೊಲಿಗೆ ಮಿಷನ್ನನ್ನೂ ಕಟ್ಟಿಕೊಂಡು ನಿಮ್ಮ ಐಸ್ ಕಾರ್ಖಾನೆಯ ಗೇಟಿಗೆ ಬಂದು ನಿಲ್ಲುತ್ತೇನೆ, ನಿಮ್ಮ ಮೇಸ್ತ್ರಿ ಏನಾದರೂ ಅಂದುಕೊಳ್ಳಲಿ. ಹೆದರಿಸುತ್ತಿಲ್ಲ, ಅತ್ತೆಗೂ ಹೇಳಿಯಾಗಿದೆ. ಅವರು ಬೇಡವೆನ್ನಲಿಲ್ಲ, 'ಮಿಷನ್ ಭಾರ ಕಣೇ, ಗಾಡಿ ಹೇಳ್ಸು' ಎಂದರಷ್ಟೇ. ಇನ್ನೊಂದು ಮಾತು. ಪರ ಊರಿನ ಗಂಡನನ್ನು ಕೇಳದೆ ಉಪವಾಸ ಹಿಡಿಯಬಹುದೆಂದು ತಿಳಿದಾಗ ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ನಾಳೆ ಹಿಡೀಲಾ ರೀ ಎಂದು ನಾನು ಕೇಳಬೇಕು, ಬೇಡ ಕಣೇ, ಸೊರಗಿದೀಯ ಎಂದು ನೀವು ಅನ್ನಬೇಕು, ನಾನು ಮುಖ ಊದಿಸಿಕೊಳ್ಳಬೇಕು. ನನಗೆ ಬೇಕಿರುವುದು ಅದು. ನಿಮ್ಮ ಆ ಒಂದು ದಿನ ಇನ್ನೂ ಬಾಕಿ ಇದ್ದರೆ ರಂಜಾನಿಗೆ ಮುಂಚೆಯೇ ಬನ್ನಿ, ಜೊತೆಗೆ ನಾನೂ ಹಿಡಿಯುತ್ತೇನೆ.

ಅತ್ತೆ ದುವಾ ತಿಳಿಸಿದ್ದಾರೆ, ಕಿವಿಗೆ ಮಫ್ಲರ್ ಸುತ್ತಿಕೊಳ್ಳಲು ಹೇಳಿದ್ದಾರೆ. ಗುಬ್ಬಿ ಮುತ್ತು ಕಳಿಸಿದ್ದಾಳೆ, ಐಸ್ ತರಬೇಕಂತೆ, ದಾರಿಯಲ್ಲಿ ಕರಗದ ಹಾಗೆ. ಅಲ್ಲಾಹ್ ನಿಮ್ಮನ್ನು ಗಟ್ಟಿಯಾಗಿಟ್ಟಿರಲಿ, ನಿಮ್ಮ ಹಟವನ್ನು ಮಾತ್ರ ಸ್ವಲ್ಪ ಮೆತ್ತಗೆ ಮಾಡಲಿ.

ನಿಮ್ಮವಳೇ,
ಗುಬ್ಬಿಯ ಅಮ್ಮ

ಮರೆಯುವ ಮುಂಚೆ: ಪತ್ರ ಮಡಿಸುತ್ತಿದ್ದೆ, ಅಷ್ಟರಲ್ಲಿ ಮಾವ ನನ್ನ ಹೊಲಿಗೆಯ ಮೂಲೆಗೇ ಬಂದರು. ಹರಿದ ಪರದೆಯೊಂದನ್ನು ಎತ್ತಿ ಹಿಂದೆಮುಂದೆ ನೋಡುತ್ತ, 'ಅವ್ನಿಗೇನಾ ಬರೀತಿರೋದು? ಆ ಒಂದು ದಿನ ಹಿಡಿದ್ನಾ ಅಂತ ಕೇಳು' ಎಂದರು. ಕೇಳಿದ್ದೇನೆ ಮಾವ ಎಂದೆ. 'ಹಿಡಿದಿಲ್ಲ ಅಂದ್ರೆ ಇಲ್ಲೇ ಬಂದು ಹಿಡೀಲಿ. ನಂಗಂತೂ ಈ ವರ್ಷ ಉಪವಾಸ ಇಲ್ಲ, ಅವನ್ನ ಸಹರಿಗೆ ಎಬ್ಬಿಸೋ ಕೆಲಸಾನಾದ್ರೂ ಇರ್ಲಿ' ಎಂದು ಹೊರಟರು. ಮಡಿಸಿದ ಪತ್ರ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಹೊಂದಿಸಿಕೊಂಡು ಓದಿ. ಬಾಗಿಲವರೆಗೆ ಹೋದವರು ಮತ್ತೆ ತಿರುಗಿ ಬಂದು, ನನ್ನ ಮುಖ ನೋಡದೆ, 'ಕತ್ತಲಾದ್ಮೇಲೆ ಬರೋದ್ ಬೇಡ. ಹಗಲು ಹೊತ್ತಲ್ಲೇ ಬರೋಕ್ ಹೇಳು, ಇಸ್ತ್ರಿಯೋರೆಲ್ಲ ಇರೋವಾಗ' ಎಂದರು.