ಅತ್ತೆಯ ಕೋಣೆಯಲ್ಲಿ ಕ್ಲಾಸು

ಗುರುವಾರ, ಜುಲೈ 10. ಮುಳಗುಂದ.

ಓಣಿಯಲ್ಲಿ ಗಟಾರ ಅಗೆಯಲು ಶುರುಮಾಡಿದಾಗಿನಿಂದ ಇಂಟರ್‌ನೆಟ್ಟಿನ ಕೇಬಲ್ ಮೂರು ಸಲ ತುಂಡಾಗಿದೆ. ಅದಕ್ಕೇ ಇವರು ಇವತ್ತು ಗದಗಿನಿಂದ ಸಿಮ್ ಹಾಕುವ ವೈಫೈ ಡಬ್ಬಿ ತಂದರು. ಒಂದು ವಾರ ನೋಡಿ, ಸರಿಯಾದರೆ ಕೇಬಲ್ ತೆಗೆಸುವುದು. ಎಲ್ಲೆಲ್ಲೋ ಇಟ್ಟು ನೋಡಿದೆವು. ಪೂರ್ತಿ ಸಿಗ್ನಲ್ ಸಿಕ್ಕಿದ್ದು ಅತ್ತೆಯ ಕೋಣೆಯ ಕಿಟಕಿಯಲ್ಲಿ ಮಾತ್ರ. ಕಲ್ಲಿನ ಗೋಡೆ ದಾಟಿ ವೈಫೈ ಹೊರಗೆ ಬರುವುದೂ ಇಲ್ಲ.

ನಾನು ಬಿ.ಎ. ಮುಗಿಸಲು ಹೊರಟಾಗಿನಿಂದ ಅತ್ತೆ ಸರಿಯಾಗಿ ಮಾತಾಡಿಲ್ಲ. "ನಲವತ್ತಕ್ಕ ಎಂಥಾ ಕಾಲೇಜು?" ಅಂದಿದ್ದರು. ಸಂಜೆ ಆನ್‌ಲೈನ್ ಕ್ಲಾಸಿನ ಹೊತ್ತಿಗೆ ಅವರ ಬಾಗಿಲಲ್ಲಿ ನಿಂತು ಕೇಳಿದೆ.

"ಅತ್ತಿ, ಒಂದು ತಾಸು ಇಲ್ಲಿ ಕುಂದರ್ಲೇನ್ರಿ?"

ಅವರು ಮಂಚದ ಮೇಲೆ ಸರಿದು ಜಾಗ ಬಿಟ್ಟರು. ಕ್ಲಾಸು ಒಮ್ಮೆಯೂ ನಿಲ್ಲಲಿಲ್ಲ. ನಡುವೆ ಮೇಡಂ "ಮಂಜುಳಾ, ನೀವು ಹೇಳಿ" ಎಂದು ಪ್ರಶ್ನೆ ಕೇಳಿದರು. ನಾನು ಮೈಕ್ ಹಾಕಲೇ ಇಲ್ಲ.

ಮುಗಿದ ಮೇಲೆ ಅತ್ತೆ ಅಂದರು, "ನಿನ್ನಿ ರಾತ್ರಿ ಅದನ್ನ ಜೋರಾಗಿ ಓದಾಕತ್ತಿದ್ದಿ, ನಾ ಕೇಳೇನಿ. ಬರತಿತ್ತಲ್ಲ, ಯಾಕ ಹೇಳಲಿಲ್ಲ? ನಾ ಅದೀನಂತನ?"

"ಹೌದ್ರಿ" ಅಂದೆ. ಸುಳ್ಳು ಹೇಳಲಾಗಲಿಲ್ಲ.

"ನಾಳಿ ಹೇಳು" ಅಂದು ಅತ್ತೆ ಗೋಡೆಯ ಕಡೆ ಹೊರಳಿದರು.

ವಾರ ಕಾಯುವುದು ಬೇಡ, ಕೇಬಲ್ ತೆಗೆಸಿರಿ ಎಂದು ಇವರಿಗೆ ಹೇಳಿದ್ದೇನೆ. ಅತ್ತೆಗೆ ಬೇಡವಾಗಿದ್ದದ್ದು ನನ್ನ ಓದೋ, ಓದುವಾಗ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದದ್ದೋ? ಈ ಎರಡು ವರ್ಷದಲ್ಲಿ ಒಮ್ಮೆಯೂ ನಾನು ಅದನ್ನು ಅವರಿಗೆ ಕೇಳಿರಲಿಲ್ಲ.